ಚೆಂಡಿನ ಹಿಂದೆ ಕಡಲಾಚೆಗೆ

ರಾಯಬಾಗ ತಾಲೂಕಿನ ಸೋದರಿಯೊಬ್ಬರು ಕಳೆದ ತಿಂಗಳು ನಮಗೆ ಬರೆದ ಓಲೆಯು ಈಗಲೂ ನಮ್ಮ ಮೇಜಿನ ಮೇಲಿದೆ. ಅವರ ಚಿರಂಜೀವನು ಅಮೇರಿಕೆಯ ಒಂದು ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿರುವನಂತೆ. ಆ ವಿದ್ಯಾಲಯದ ಚೆಂಡಾಟದ ತಂಡವು ಐರ್ಲೆಂಡ್ ದೇಶದ ಡಬ್ಲಿನ್ ನಗರದಲ್ಲಿ ಆಡಲಿರುವುದರಿಂದ, ಅದನ್ನು ನೋಡಿ ಬರಲು ಆತನು ತಾಯಿಯ ಅಪ್ಪಣೆಯನ್ನು ಬೇಡಿರುವನು. “ಓದಲೆಂದು ಒಂದು ದೇಶಕ್ಕೆ ಕಳುಹಿಸಿದ ಮಗನು ಆಟ ನೋಡಲೆಂದು ಇನ್ನೊಂದು ದೇಶಕ್ಕೆ ಹೋಗುವುದುಂಟೇ? ತಾವು ಮಾಸ್ತರರು, ಒಂದು ಮಾತು ಹೇಳಿರಿ” ಎಂದು ಆ ತಾಯಿ ಕೇಳಿರುವರು.

ಮೊದಲು ಆಟದ ಮಾತು. ಅಮೇರಿಕೆಯವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಮಕ್ಕಳು ಆಡುವ ಕಾಲ್ಚೆಂಡಲ್ಲ. ಆ ಚೆಂಡು ಗುಂಡಗಿರದೆ ಎರಡೂ ತುದಿಗಳಲ್ಲಿ ಚೂಪಾಗಿರುವುದು. ಅದನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ಹೆಸರಿಗೂ ಅರ್ಥಕ್ಕೂ ಇಷ್ಟು ಅಂತರವಿರುವ ಪದವನ್ನು ವೈಯಾಕರಣರು ರೂಢಿ ಎಂದು ಬಿಟ್ಟುಬಿಡುವರು, ನಾವೂ ಬಿಡೋಣ. ಆ ದೇಶದಲ್ಲಿ ಕಾಲೇಜಿನ ತಂಡವೆಂದರೆ ಊರದೇವರಿದ್ದಂತೆ. ಓದು ಮುಗಿಸಿ ನಾಲ್ವತ್ತು ವರ್ಷ ಕಳೆದ ಮುದುಕರೂ ತಮ್ಮ ಕಾಲೇಜಿನ ಬಣ್ಣದ ಅಂಗಿಯನ್ನು ತೊಟ್ಟು ಆಟಕ್ಕೆ ಹೋಗುವರು. 1988ರಲ್ಲಿ ಬೋಸ್ಟನ್ ಕಾಲೇಜು ಮತ್ತು ಆರ್ಮಿ ತಂಡಗಳು ಡಬ್ಲಿನ್ನಿಗೆ ಹೋಗಿ ಆಡಿದವು. 2012ರಲ್ಲಿ ನೋತ್ರ್ ದಾಮ್ ಮತ್ತು ನೇವಿ ತಂಡಗಳು ಅಲ್ಲಿ ಸೆಣಸಿದಾಗ ಸಾವಿರ ಸಾವಿರ ಜನ ಅಮೇರಿಕೆಯಿಂದ ಕಡಲು ದಾಟಿ ಬಂದರು. 2022ರಿಂದ ಪ್ರತಿವರ್ಷವೂ ಆಗಸ್ಟ್ ಕಡೆಯಲ್ಲಿ ಇಂಥದೊಂದು ಪಂದ್ಯವು ಅಲ್ಲಿ ನಡೆಯುತ್ತ ಬಂದಿದೆ. ಆ 2022ರ ಪಂದ್ಯಕ್ಕೆ ನೆಬ್ರಾಸ್ಕಾ ತಂಡದ ಅಭಿಮಾನಿಗಳು ದಂಡಾಗಿ ಹೋಗಿದ್ದರು. ಅವರ ತಂಡವು 31–28ರಿಂದ ಸೋತಿತು. ಆದುದರಿಂದ ಸೋದರಿಯವರ ಮಗನಿಗೆ ಬಂದಿರುವುದು ವಿಲಕ್ಷಣವಾದ ಹುಚ್ಚೇನೂ ಅಲ್ಲ, ಆ ನಾಡಿನ ರೂಢಿಯೇ ಆಗಿದೆ.

ಇನ್ನು ಅಪ್ಪಣೆಯ ಮಾತು. ಇದೇ ಪ್ರಶ್ನೆಯು 2016ರಲ್ಲಿ ನಮ್ಮ ಮನೆಯ ಪಡಸಾಲೆಗೇ ಬಂದಿತ್ತು. ಆಗ ನಾವು ಕೊಟ್ಟ ಉತ್ತರಕ್ಕಾಗಿ ನಮಗೆ ಇಂದಿಗೂ ಸಂಕೋಚವಾಗುತ್ತದೆ.

ಆಗ ನಮ್ಮ ಅಣ್ಣನವರ ಮಗನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದನು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಎಂಬ ಕಾಲ್ಚೆಂಡಿನ ತಂಡಕ್ಕೆ ಆತನು ಮನಸೋತಿದ್ದನು. ಅದು ಕಾಲೇಜಿನ ತಂಡವಲ್ಲ, ನಗರದ್ದು. ಆದರೆ ಅಭಿಮಾನದ ಜಾತಿ ಒಂದೇ. ಕಂಠೀರವ ಕ್ರೀಡಾಂಗಣದಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡು ನೀಲಿ ಅಂಗಿ ತೊಟ್ಟು ಆಟ ಮುಗಿಯುವವರೆಗೂ ನಿಂತು ಹಾಡುವ ತರುಣರ ನಡುವೆ ಈತನೂ ನಿಲ್ಲುತ್ತಿದ್ದನು. ಬೆಂಗಳೂರಿಗೆ ಕಾಲ್ಚೆಂಡು ಹೊಸದಲ್ಲವೆಂದೂ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ದೇಶದ ವಿರುದ್ಧ ಭಾರತವು ಹೊಡೆದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದೆಂದೂ ಆತನೇ ನಮಗೆ ತಿಳಿಸಿದನು. ಆ ವರ್ಷದ ಅಕ್ಟೋಬರ್ 19ರಂದು ಈ ತಂಡವು ಹಿಂದಿನ ವರ್ಷದ ವಿಜೇತರಾದ ಮಲೇಶಿಯದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ ಏ.ಎಫ್.ಸಿ. ಕಪ್ಪಿನ ಕೊನೆಯ ಪಂದ್ಯವನ್ನು ಮುಟ್ಟಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ಮುಟ್ಟಿರಲಿಲ್ಲ. ಕೊನೆಯ ಪಂದ್ಯವು ನವೆಂಬರ್ 5ರಂದು ಕತಾರ್ ದೇಶದ ದೋಹಾ ನಗರದಲ್ಲಿ ಎಂದು ನಿಶ್ಚಯವಾಗಿತ್ತು.

ದೀಪಾವಳಿಯ ಪಾಡ್ಯದ ದಿನ, ಹೋಳಿಗೆಯ ಊಟವಾದ ಮೇಲೆ, ಹುಡುಗನು ಮೆಲ್ಲಗೆ ಹೇಳಿದನು: “ಕಾಕಾ, ಶನಿವಾರ ನಾ ದೋಹಾಕ್ಕ ಹೊಂಟೀನಿ.”

ಸಂಸ್ಕೃತ ಓದಿದವನಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ನಾವು ಬೌಧಾಯನ ಧರ್ಮಸೂತ್ರವನ್ನು ಎತ್ತಿದೆವು. ಸಮುದ್ರಯಾನವು ಮನುಷ್ಯನನ್ನು ಪತಿತನನ್ನಾಗಿ ಮಾಡುವ ಕರ್ಮಗಳ ಪಟ್ಟಿಯಲ್ಲಿ ಮೊದಲನೆಯದು. ಅದಕ್ಕೆ ಪ್ರಾಯಶ್ಚಿತ್ತವೆಂದರೆ ಮಿತಾಹಾರಿಯಾಗಿ, ಹಗಲೆಲ್ಲ ನಿಂತು, ರಾತ್ರಿಯೆಲ್ಲ ಕುಳಿತು, ಮೂರು ವರ್ಷ ಕಳೆಯತಕ್ಕದ್ದು. ನಾವು ಇದನ್ನು ಅರ್ಧ ವಿನೋದಕ್ಕೇ ಹೇಳಿದ್ದು. ಹುಡುಗನು ನಕ್ಕು, “ಸ್ಟೇಡಿಯಮ್ಮಿನಾಗ ನಿಂತಿರ್ತೀನಿ, ವಿಮಾನದಾಗ ರಾತ್ರಿಯೆಲ್ಲ ಕುಂತಿರ್ತೀನಿ, ಊಟಕ್ಕ ರೊಕ್ಕ ಉಳಿಯೂದಿಲ್ಲ. ಪ್ರಾಯಶ್ಚಿತ್ತ ಅಲ್ಲೇ ಆಗತೈತಿ ಬಿಡ್ರಿ” ಎಂದನು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮಾತಿಗೆ ಸೋತ ಸಿಟ್ಟಿನಲ್ಲಿ ನಾವು ಆಡಬಾರದ್ದನ್ನು ಆಡಿದೆವು. ಹೊಳೆಯ ದಂಡೆಯ ನಮ್ಮ ಮೋಟಾರು ಹದಿನೈದು ದಿನಗಳ ಹಿಂದೆ ಸುಟ್ಟುಹೋಗಿತ್ತು. ಕಬ್ಬಿನ ಹಣ ಕೈಗೆ ಬಂದಿರಲಿಲ್ಲ. ಪಟ್ಟಣದಲ್ಲಿರುವ ಮಗನಿಗೆ ಇದು ತಿಳಿಯಕೂಡದೆಂದು ಅಣ್ಣನವರು ಮನೆಯವರಿಗೆಲ್ಲ ಹೇಳಿದ್ದರು. “ನಿನ್ನ ವಿಮಾನದ ಟಿಕೀಟಿನ ಹಣದಲ್ಲಿ ನಿಮ್ಮಪ್ಪನ ಮೋಟಾರು ಬರುತ್ತಿತ್ತು” ಎಂದು ನಾವು ಅಂದುಬಿಟ್ಟೆವು.

ಹುಡುಗನ ಮುಖವು ಕಪ್ಪಿಟ್ಟಿತು. ಎರಡು ವರ್ಷ ಕೂಡಿಸಿದ ಹಣವದು, ಸಾಲವಲ್ಲ. ತಕ್ಷಣವೇ ಟಿಕೀಟು ರದ್ದು ಮಾಡಿಸುವೆನೆಂದು ಆತನು ಎದ್ದನು. ಅಣ್ಣನವರು ಅಡಕೆಯನ್ನು ಕತ್ತರಿಸುತ್ತ ಇಷ್ಟೇ ಹೇಳಿದರು: “ಮೋಟಾರ ನಂದು, ಟಿಕೀಟ ನಿಂದು. ಹೋಗಿ ಬಾ.” ಆದರೆ ಹುಡುಗನು ನಮಗೆ ನಮಸ್ಕಾರ ಮಾಡದೆಯೇ ಸಂಜೆಯ ಬಸ್ಸು ಹತ್ತಿದನು. ಹುಟ್ಟಿದಂದಿನಿಂದ ಅದೇ ಮೊದಲು.

ಶನಿವಾರ ರಾತ್ರಿ ನಾವು ದೂರದರ್ಶನ ಪೆಟ್ಟಿಗೆಯ ಧ್ವನಿಯನ್ನು ತಗ್ಗಿಸಿ ಒಬ್ಬರೇ ಕುಳಿತೆವು. ಆಟದ ನಿಯಮಗಳಿಗಿಂತ ಜನರ ಸಾಲಿನಲ್ಲಿ ನೀಲಿ ಅಂಗಿಗಳು ಕಂಡಾಗಲೆಲ್ಲ ಒಂದು ಮುಖವನ್ನು ಹುಡುಕುವುದರಲ್ಲಿಯೇ ನಮ್ಮ ಕಣ್ಣಿದ್ದಿತು. ಸ್ವಲ್ಪ ಹೊತ್ತಿಗೆ ಅಣ್ಣನವರೂ ಕಂಬಳಿ ಹೊದ್ದು ಬಂದು ಪಕ್ಕದಲ್ಲಿ ಕುಳಿತರು. “ಅಂವಾ ಎಲ್ಲೆ ಅದಾನ?” ಎಂದು ಒಮ್ಮೆ ಕೇಳಿದರು. ಆಮೇಲೆ, ಬಹಳ ಹೊತ್ತಿನ ಬಳಿಕ, “ನೀ ಕೊಲ್ಲಾಪುರಕ್ಕ ಓಡಿ ಹೋಗಿದ್ದಿ, ನೆನಪೈತೇನು?” ಎಂದರು.

ನೆನಪಿಲ್ಲದೆ ಏನು! 1980ರಲ್ಲಿ, ಹದಿನೈದರ ಪ್ರಾಯದಲ್ಲಿ, ಪರೀಕ್ಷೆಯ ಶುಲ್ಕದ ಹಣವನ್ನು ಕಿಸೆಯಲ್ಲಿಟ್ಟುಕೊಂಡು ನಾವು ಅಥಣಿಯಿಂದ ಕಾಗವಾಡದ ಮಾರ್ಗವಾಗಿ ಮಿರಜಿಗೂ, ಅಲ್ಲಿಂದ ರೈಲಿನಲ್ಲಿ ಕೊಲ್ಲಾಪುರಕ್ಕೂ ಹೋಗಿದ್ದೆವು. ಕುಸ್ತಿಯ ತಾಲೀಮುಗಳೇ ಕಾಲ್ಚೆಂಡಿನ ತಂಡಗಳನ್ನು ಸಾಕುವ ಊರು ಅದು. ಖಂಡೋಬಾ ತಾಲೀಮು, ಪಾಟಾಕಡೀಲ ತಾಲೀಮು ಎಂಬ ಹೆಸರುಗಳು ನಮಗೆ ಆಗ ಮಂತ್ರದಂತಿದ್ದವು. ಶಾಹು ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಮರಾಠಿ ಕೂಗುಗಳ ನಡುವೆ ಕುಳಿತ ನಮಗೆ ಅದು ಬೇರೆ ರಾಜ್ಯವೆಂಬುದು ಹೊಳೆಯಲಿಲ್ಲ. ಮನೆಗೆ ಬಂದಾಗ ತಂದೆಯವರು ಕೈಗೆ ಕೋಲೆತ್ತಿಕೊಂಡರು. ನಡುವೆ ಬಂದು ನಿಂತವರು ಇದೇ ಅಣ್ಣನವರು. ಶುಲ್ಕದ ಹಣವನ್ನು ಗಳೆ ಹೊಡೆದು ತುಂಬಿದವರೂ ಅವರೇ. ಮಾಸ್ತರಿಕೆಯ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನಾವು ಈ ಸಂಗತಿಯನ್ನು ಯಾವ ವಿದ್ಯಾರ್ಥಿಗೂ ಹೇಳಿರಲಿಲ್ಲ.

ಎಪ್ಪತ್ತನೆಯ ನಿಮಿಷದಲ್ಲಿ ಇರಾಕಿನ ವಾಯುಸೇನಾ ತಂಡದ ಹಮ್ಮಾದಿ ಅಹ್ಮದನು ಚೆಂಡನ್ನು ಬಲೆಗೆ ಸೇರಿಸಿದನು. ಅಷ್ಟೇ. ಒಂದಕ್ಕೆ ಸೊನ್ನೆಯಾಗಿ ಬೆಂಗಳೂರು ಸೋತಿತು. ಅಣ್ಣನವರು ದೀರ್ಘವಾಗಿ ಉಸಿರುಬಿಟ್ಟು, “ಪಾಪ, ಇನ್ನ ಅಲ್ಲಿಂದ ಬರಬೇಕಲ್ಲಾ ಹುಡುಗ” ಎಂದು ಎದ್ದು ಹೋದರು.

ಮೂರು ದಿನಗಳಲ್ಲಿ ಐದುನೂರು ಮತ್ತು ಸಾವಿರದ ನೋಟುಗಳು ರದ್ದಾದುವು. ಆ ಗಡಿಬಿಡಿಯ ನಡುವೆಯೇ ಹುಡುಗನು ಶನಿವಾರ ಊರಿಗೆ ಬಂದನು. ಆತನ ಕೈಯಲ್ಲಿ ಖರ್ಜೂರದ ಎರಡು ಪೊಟ್ಟಣಗಳಿದ್ದವು. ಒಂದು ಮನೆಗೆ. ಇನ್ನೊಂದು ನಮ್ಮದಲ್ಲ. ದೋಹಾದ ಕ್ರೀಡಾಂಗಣದಲ್ಲಿ ಆತನ ಪಕ್ಕದಲ್ಲಿ ಜಮಖಂಡಿಯ ಕಡೆಯ ತರುಣನೊಬ್ಬನು ಕುಳಿತಿದ್ದನಂತೆ. ಕಟ್ಟಡದ ಕೆಲಸಕ್ಕೆಂದು ಹೋದವನು, ಮೂರು ವರ್ಷಗಳಿಂದ ಊರು ಕಂಡಿರಲಿಲ್ಲ. ಕಾಲ್ಚೆಂಡಿನ ಗಂಧವೂ ಅವನಿಗಿಲ್ಲ. ಬೆಂಗಳೂರಿನ ತಂಡ ಬಂದಿದೆ, ಕನ್ನಡ ಕಿವಿಗೆ ಬಿದ್ದೀತು ಎಂದು ರಜೆಯ ದಿನ ಮಾಡಿಕೊಂಡು ಬಂದಿದ್ದನು. ಆಟ ಮುಗಿದ ಮೇಲೆ ಓಡಿಹೋಗಿ ಖರ್ಜೂರ ತಂದು, “ನಮ್ಮವ್ವಗ ಮುಟ್ಟಿಸ್ರಿ” ಎಂದು ಇವನ ಕೈಗಿತ್ತನು.

ಮರುದಿನ ಹುಡುಗನು ಆ ಹಳ್ಳಿಗೆ ಹೊರಟಾಗ ನಾವೂ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತೆವು. ಬಾ ಎಂದು ಆತನು ಕರೆಯಲಿಲ್ಲ, ಬೇಡವೆಂದೂ ಅನ್ನಲಿಲ್ಲ. ದಾರಿಯಲ್ಲಿ ಕೊಲ್ಲಾಪುರದ ಕಥೆಯನ್ನು ಹೇಳಿದೆವು. ಆತನು ಕಿಟಕಿಯ ಕಡೆಗೆ ತಿರುಗಿ ನಗುವುದು ನಮಗೆ ಕಂಡಿತು.

ಆ ತಾಯಿ ಖರ್ಜೂರವನ್ನು ಬಿಚ್ಚಲೇ ಇಲ್ಲ. ಮೊಬೈಲಿನಲ್ಲಿ ಮಗನ ಚಿತ್ರವನ್ನು ನೋಡಿ, “ಸೊರಗ್ಯಾನೋ, ಮೈ ಹಿಡದಾನೋ, ನೀ ಕಣ್ಣಾರೆ ನೋಡೀದಿ, ಹೇಳಪಾ” ಎಂದು ಮೂರು ಸಲ ಕೇಳಿದಳು. ಅನಂತರ ಜೋಳದ ಡಬ್ಬಿಯೊಳಗಿಂದ ಐದುನೂರರ ಏಳು ನೋಟುಗಳನ್ನು ತೆಗೆದು, ಇವು ಇನ್ನು ನಡೆಯುವುದಿಲ್ಲವಂತಲ್ಲ ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು. ಅಂದು ರವಿವಾರವಾದರೂ ಬ್ಯಾಂಕುಗಳು ತೆರೆದಿದ್ದವು. ನಾವು ಅರ್ಜಿ ತುಂಬಿದೆವು. ಹುಡುಗನು ಆಕೆಯ ಸರದಿಯನ್ನು ಹಿಡಿದು ಮಧ್ಯಾಹ್ನ ಇಳಿಯುವವರೆಗೂ ಬಿಸಿಲಿನಲ್ಲಿ ನಿಂತನು. ನಿಲ್ಲುವುದು ಅವನಿಗೆ ರೂಢಿಯಾಗಿತ್ತಷ್ಟೆ.

ಸೋದರಿಯವರೇ, ನಿಮ್ಮ ಮಗನಿಗೆ ಈ ಕೆಲವು ಮಾತುಗಳನ್ನು ಬರೆಯಿರಿ. ಭಾರತೀಯರಿಗೆ ಐರ್ಲೆಂಡಿನ ಪ್ರವೇಶಪತ್ರವು ಬೇರೆಯಾಗಿ ಬೇಕು. ಯುರೋಪಿನ ಶೆಂಗೆನ್ ವೀಸಾ ಅಲ್ಲಿ ನಡೆಯದು. ಅಮೇರಿಕೆಗೆ ಮರಳುವಾಗ ಆತನ ವಿದ್ಯಾರ್ಥಿ ವೀಸಾ ಚಾಲ್ತಿಯಲ್ಲಿರಬೇಕು, ಐ-20 ಎಂಬ ಕಾಗದದ ಮೇಲೆ ಕಾಲೇಜಿನ ಅಧಿಕಾರಿಯ ಪ್ರಯಾಣದ ಸಹಿಯೂ ಇರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಓದಿಗೇ ಕುತ್ತು. ಆಟದ ಟಿಕೀಟಿಗಿಂತ ಮೊದಲು ಇದನ್ನು ವಿಚಾರಿಸತಕ್ಕದ್ದು. ಸಾಲ ಮಾಡಿ ಹೋಗುವುದಾದರೆ ಬೇಡವೆನ್ನಿರಿ. ಕೂಡಿಸಿದ ಹಣವಾದರೆ, ನಿಮ್ಮ ಮನೆಯ ಅಡಚಣೆಗಳೇನಾದರೂ ಇದ್ದಲ್ಲಿ ಅವನ್ನು ಈಗಲೇ ತಿಳಿಸಿರಿ. ಆತನು ಟಿಕೀಟು ಕೊಂಡ ಮೇಲೆ ನಮ್ಮಂತೆ ಪಡಸಾಲೆಯಲ್ಲಿ ಹೊರಗೆಡಹಬೇಡಿರಿ. ಪಂದ್ಯವು ಯಾವ ದಿನ, ಯಾರು ಗೆದ್ದರು ಎಂಬುದನ್ನು ನಮಗೂ ಒಂದು ಗೆರೆ ಬರೆದರೆ ಸಂತೋಷ. ಅಣ್ಣನವರೂ ಕೇಳುತ್ತಿದ್ದಾರೆ.