ಬೀಡಿನ ಬಾಣಲೆಯೂ ಕರಿಯ ಸಿಹಿಯೂ

ವಾರ್ಷಿಕ ಸಂಚಿಕೆಗೆ ಬರೆಯುವವರು ಪ್ರಜಾಪ್ರಭುತ್ವವನ್ನೋ ವಿಶ್ವಶಾಂತಿಯನ್ನೋ ಕುರಿತು ಬರೆಯುವುದು ವಾಡಿಕೆ. ನಾನು ಆರಿಸಿಕೊಂಡಿರುವ ವಿಷಯವನ್ನು ನೋಡಿ ಸಂಪಾದಕರು ಮೊದಲು ನಕ್ಕರು, ಆಮೇಲೆ, “ಇದರಲ್ಲಿ ಅಭಿಪ್ರಾಯ ಏನಿದೆ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದುದರಿಂದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತರಗತಿಗಳಲ್ಲಿ ಹುಟ್ಟುಹಬ್ಬಕ್ಕೆಂದು ಚಂದಾ ಎತ್ತಿ ಕೆಫೆಗೆ ಹೋಗುವ ಪದ್ಧತಿಯನ್ನು ನಾವು ಬಿಡಬೇಕು. ಅಲ್ಲಿ ತಿನ್ನುವ ಆ ಬಿಸಿ ಬ್ರೌನಿಯನ್ನು ಕಬ್ಬಿಣದ ಬಾಣಲೆಯೊಂದರಲ್ಲಿ ನಾವೇ ಬೇಯಿಸಿಕೊಳ್ಳಬೇಕು. ಹೀಗೆನ್ನಲು ಕಾರಣ ರುಚಿಯೊಂದೇ ಅಲ್ಲ.

ಕಳೆದ ವರ್ಷ ಚಂದಾ ಎತ್ತುವ ಕೆಲಸ ನನ್ನದಾಗಿತ್ತು. ತಲೆಗೆ ಇಷ್ಟೆಂದು ನಿಗದಿ ಮಾಡುವುದು, ಕೊಡದವರನ್ನು ನಾಲ್ಕು ಜನರ ಮುಂದೆ ನೆನಪಿಸುವುದು, ಇದನ್ನೆಲ್ಲ ಬಹಳ ಉತ್ಸಾಹದಿಂದ ಮಾಡಿದೆ. ನಮ್ಮ ಗುಂಪಿನ ಮಿತ್ರನೊಬ್ಬ ಮೊದಲೆರಡು ಸಲ ಬಂದ. ಮೂರನೆಯ ಸಲ ಅವನಿಗೆ ತಲೆನೋವು. ನಾಲ್ಕನೆಯ ಸಲ ಊರಿನಿಂದ ಯಾರೋ ಬರುವವರಿದ್ದರು. ಆಮೇಲೆ ಮಧ್ಯಾಹ್ನ ನಮ್ಮೊಡನೆ ಊಟಕ್ಕೆ ಕೂರುವುದನ್ನೂ ಬಿಟ್ಟ. “ಇವನಿಗೆ ಜಂಬ” ಎಂದು ನಾವು ತೀರ್ಮಾನಿಸಿದೆವು. ಬಹಳ ದಿನಗಳ ಮೇಲೆ ಬಸ್ ನಿಲ್ದಾಣದಲ್ಲಿ ಇಬ್ಬರೇ ನಿಂತಿದ್ದಾಗ ಅವನು ಹೇಳಿದ: “ಅಲ್ಲಿ ಒಂದು ತಟ್ಟೆಗೆ ಕೊಡೋ ದುಡ್ಡಲ್ಲಿ ನಂಗೆ ಒಂದು ವಾರದ ಬಸ್ ಚಾರ್ಜ್ ಆಗುತ್ತೆ ಕಣೋ. ಎಷ್ಟು ಸಲ ಅಂತ ಸುಳ್ಳು ಹೇಳಲಿ?” ನನಗೆ ಉತ್ತರ ಹೊಳೆಯಲಿಲ್ಲ. ನಾವು ಓದುತ್ತಿರುವುದು ಸರ್ಕಾರಿ ಕಾಲೇಜಿನಲ್ಲಿ. ಶುಲ್ಕ ಕಡಿಮೆಯೆಂಬ ಕಾರಣದಿಂದಲೇ ಇಲ್ಲಿಗೆ ಬಂದವರು ನಮ್ಮಲ್ಲಿ ಬಹು ಮಂದಿ. ಸರ್ಕಾರ ಹಾಕದ ಶುಲ್ಕವನ್ನು ಸ್ನೇಹದ ಹೆಸರಿನಲ್ಲಿ ನಾನು ವಸೂಲು ಮಾಡುತ್ತಿದ್ದೆ!

ಆ ತಟ್ಟೆಯಲ್ಲಿ ಬರುವುದಾದರೂ ಏನು? ಬೆಣ್ಣೆ, ಸಕ್ಕರೆ, ಮೊಟ್ಟೆ, ಚಾಕೊಲೇಟು, ಹಿಡಿ ಮೈದಾ. ಇಷ್ಟೇ. ಇದರ ತವರು ಅಮೆರಿಕ. 1893ರಲ್ಲಿ ಷಿಕಾಗೋ ನಗರದಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ, ಮಹಿಳೆಯರ ಊಟದ ಡಬ್ಬಿಗೆ ಹಿಡಿಸುವಂಥ ಸಣ್ಣ ಸಿಹಿಯೊಂದು ಬೇಕೆಂದು ಬರ್ಥಾ ಪಾಮರ್ ಎಂಬಾಕೆ ಕೇಳಿದರೆಂದೂ, ಪಾಮರ್ ಹೌಸ್ ಹೋಟೆಲಿನ ಬಾಣಸಿಗರು ಇದನ್ನು ಮಾಡಿಕೊಟ್ಟರೆಂದೂ ಆ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಅದೇ ಪ್ರದರ್ಶನದ ಅಂಗವಾಗಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿಯೇ ಸ್ವಾಮಿ ವಿವೇಕಾನಂದರು ಮಾತನಾಡಿದ್ದು. ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಫ್ಯಾನಿ ಫಾರ್ಮರ್ ಅವರ ಪ್ರಸಿದ್ಧ ಪಾಕಪುಸ್ತಕದ 1896ರ ಮುದ್ರಣದಲ್ಲಿ ಬ್ರೌನಿ ಇದೆ, ಚಾಕೊಲೇಟಿಲ್ಲ. ಅದು ಕಾಕಂಬಿಯ ಬ್ರೌನಿ. 1906ರ ಆವೃತ್ತಿಯಲ್ಲಿ ಚಾಕೊಲೇಟು ಸೇರಿತು.

“ಪರದೇಶದ ತಿಂಡಿ ನಮಗೇಕೆ?” ಎನ್ನುವವರಿದ್ದಾರೆ. ಆದರೆ ಕೋಕೋ ಅಮೆರಿಕದ ಆ ಹೋಟೆಲಿನವರ ಹಿತ್ತಲಲ್ಲಿಯೂ ಬೆಳೆದದ್ದಲ್ಲ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದು ಬೆಳೆಯುತ್ತದೆ. ಕಾಯಿ ಒಡೆದು, ಬೀಜಗಳನ್ನು ಕೆಲವು ದಿನ ಹುದುಗು ಬರಿಸಿ, ಒಣಗಿಸಿ, ಹುರಿದ ಮೇಲೆಯೇ ಚಾಕೊಲೇಟಿನ ಪರಿಮಳ ಹುಟ್ಟುವುದು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಮೆಣಸಿನಕಾಯಿಯೂ ಆಲೂಗಡ್ಡೆಯೂ ಹೊರಗಿನಿಂದ ಬಂದವೇ. ಅವುಗಳನ್ನು ಬಿಟ್ಟು ಒಂದು ವಾರ ಊಟ ಮಾಡಿ ತೋರಿಸಿದವರೊಡನೆ ಮಾತ್ರ ಈ ವಾದವನ್ನು ಮುಂದುವರಿಸಲು ನಾನು ಸಿದ್ಧನಿದ್ದೇನೆ.

ಇನ್ನು ಬಾಣಲೆಯ ಸಂಗತಿ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಅಜ್ಜಿಯ ದೋಸೆಹೆಂಚು ಬೀಡಿನದು. ಅದರ ಮೇಲೆ ನನಗೆ ಕಣ್ಣಿತ್ತು. ವಿಷಯ ತಿಳಿದೊಡನೆ ಅಜ್ಜಿ, “ಮೊಟ್ಟೆ ಹಾಕೋದಾದ್ರೆ ನನ್ನ ಹೆಂಚು ಮುಟ್ಟಬೇಡ ಮಗಾ. ನಾಳೆ ಅದರಲ್ಲೇ ದೋಸೆ ಹುಯ್ಯಬೇಕು ನಾನು” ಎಂದರು. ನಾನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದೆ. ಮೂರನೆಯ ದಿನ ಅವರೇ ಅಟ್ಟದಿಂದ ಗೇಣಗಲದ, ಚಪ್ಪಟೆ ತಳದ, ಎರಡು ಕಿವಿಗಳ ಹಳೆಯ ಬೀಡಿನ ಬಾಣಲೆಯೊಂದನ್ನು ತೆಗೆಸಿ, “ಗುಜರಿಗೆ ಹಾಕ್ಬೇಕು ಅಂತಿದ್ದೆ. ಇದನ್ನ ನೀನೇ ಇಟ್ಕೊ, ಏನು ಬೇಕಾದ್ರೂ ಮಾಡ್ಕೊ” ಎಂದು ಕೊಟ್ಟರು. ಮೈತುಂಬ ತುಕ್ಕು. ಹುಣಿಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಉಜ್ಜಿ, ಒರಸಿ ಒಣಗಿಸಿ, ಎಣ್ಣೆಯನ್ನು ತೀರ ತೆಳ್ಳಗೆ ಸವರಿ, ಹೊಗೆಯೇಳುವವರೆಗೆ ಕಾಯಿಸಿದೆ. ಹೀಗೆ ನಾಲ್ಕು ಸಲ. ಕಾದ ಎಣ್ಣೆ ಬರಿಯ ಎಣ್ಣೆಯಾಗಿ ಉಳಿಯದೆ ಕಬ್ಬಿಣಕ್ಕೆ ಕಚ್ಚಿಕೊಂಡು ಗಟ್ಟಿಯಾದ ಕರಿಯ ಪೊರೆಯಾಗುತ್ತದೆ. ಅಂಟದಿರುವ ಗುಣ ಬರುವುದು ಇದರಿಂದಲೇ.

ಬೀಡಿನ ಪಾತ್ರೆ ಎಲ್ಲೆಡೆಯೂ ಸಮನಾಗಿ ಕಾಯುತ್ತದೆಂದು ಹೇಳುವವರುಂಟು. ಇದು ನಿಜವಲ್ಲ. ಶಾಖವನ್ನು ಹರಿಯಿಸುವುದರಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಚುರುಕು. ತೂಕಕ್ಕೆ ತೂಕ ಹೋಲಿಸಿದರೂ ಅಲ್ಯೂಮಿನಿಯಂ ಕಬ್ಬಿಣದ ಇಮ್ಮಡಿ ಶಾಖವನ್ನು ಹಿಡಿಯಬಲ್ಲುದು. ಬೀಡಿನ ಹೆಚ್ಚುಗಾರಿಕೆಯಿರುವುದು ಅದರ ಭಾರದಲ್ಲಿ. ದಪ್ಪನಾಗಿ ತೂಕವಾಗಿರುವುದರಿಂದ ಅದು ನಿಧಾನವಾಗಿ ಕಾಯುತ್ತದೆ, ಕಾದದ್ದನ್ನು ಬೇಗ ಬಿಡುವುದಿಲ್ಲ. ಒಲೆಯಿಂದ ಇಳಿಸಿದ ಮೇಲೂ ಒಳಗಿನದು ಬೇಯುತ್ತಲೇ ಇರುತ್ತದೆ. ಈ ಒಂದು ಮಾತನ್ನು ತಿಳಿಯದೆ ನಾನು ಮೊದಲ ಸಲ ಕೆಟ್ಟೆ.

ಅಳತೆಯನ್ನು ಹೇಳುತ್ತೇನೆ. ಬೆಣ್ಣೆ 100 ಗ್ರಾಂ, ಕರಿಯ ಚಾಕೊಲೇಟು 100 ಗ್ರಾಂ, ಇವೆರಡನ್ನೂ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವುದು. ಸಕ್ಕರೆ 150 ಗ್ರಾಂ ಮತ್ತು ಮೊಟ್ಟೆ ಎರಡು, ಸಕ್ಕರೆ ಬಹುಮಟ್ಟಿಗೆ ಕರಗುವವರೆಗೆ ಕಲಕುವುದು. ಮೇಲೆ ಕಾಗದದಂಥ ಹೊಳೆಯುವ ಹಪ್ಪಳ ಕಟ್ಟುವುದು ಇದರಿಂದ. ಎರಡನ್ನೂ ಸೇರಿಸಿ, ಮೈದಾ 60 ಗ್ರಾಂ, ಕೋಕೋ ಪುಡಿ 20 ಗ್ರಾಂ, ಚಿಟಿಕೆ ಉಪ್ಪು ಹಾಕಿ, ಹಿಟ್ಟು ಕಾಣದಂತಾದೊಡನೆ ಕೈ ನಿಲ್ಲಿಸುವುದು. ಹೆಚ್ಚು ಕಲಕಿದರೆ ಮೈದಾ ಜಿಗುಟಾಗುತ್ತದೆ. ಸೋಡ ಬೇಡ. ಉಬ್ಬಿದರೆ ಅದು ಕೇಕು. ಹಿಟ್ಟು ಕಡಿಮೆ, ಕೊಬ್ಬು ಸಕ್ಕರೆ ಹೆಚ್ಚು ಇದ್ದಾಗಲೇ ಒಳಗೆ ಆ ಹಲ್ವದಂಥ ಮೆತುವು ಬರುವುದು. ಚಾಕೊಲೇಟು ಕೊಳ್ಳುವಾಗ ಹೊದಿಕೆಯ ಹಿಂದಿನ ಸಣ್ಣಕ್ಷರವನ್ನು ಓದಬೇಕು. ಕೋಕೋ ಬೆಣ್ಣೆಯಿದ್ದರೆ ಅದು ಸುಮಾರು 34 ಡಿಗ್ರಿಯಲ್ಲಿ, ಎಂದರೆ ನಾಲಗೆಯ ಬಿಸಿಗೇ ಕರಗುತ್ತದೆ. ಅದರ ಬದಲು ಗಟ್ಟಿ ಮಾಡಿದ ಸಸ್ಯದ ಕೊಬ್ಬನ್ನು ಹಾಕಿದ್ದರೆ ಅಂಗಳಕ್ಕೆ ಮೇಣ ಹತ್ತಿದಂತಾಗುತ್ತದೆ.

ಓವನ್ನಿಗೆ ಬದಲಾಗಿ ದೊಡ್ಡ ಡಬರಿಯೊಂದರಲ್ಲಿ ಎರಡು ಬೆರಳು ದಪ್ಪ ಮರಳು ಹಾಸಿ, ಅದರ ಮೇಲೊಂದು ಸಿಂಬಿ ಕಂಬಿಯಿಟ್ಟು, ಮುಚ್ಚಿ, ಹದಿನೈದು ನಿಮಿಷ ಕಾಯಿಸಿದೆ. ಆಮೇಲೆ ಬೆಣ್ಣೆ ಸವರಿದ ಬಾಣಲೆಗೆ ಹಿಟ್ಟನ್ನು ಸುರಿದು ಒಳಗಿಟ್ಟು ಉರಿಯನ್ನು ತಗ್ಗಿಸಿದೆ. ಇದೇನೂ ನನ್ನ ಆವಿಷ್ಕಾರವಲ್ಲ. ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡವಿಟ್ಟು ಕೇಕು ಬೇಯಿಸುವುದು ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಹಿಂದಿನಿಂದ ಇದ್ದ ಕ್ರಮ. ಅಮೆರಿಕದ ವಲಸೆಗಾರರೂ ಬೀಡಿನ ಮಡಕೆಯಲ್ಲಿ ಹೀಗೆಯೇ ಮಾಡುತ್ತಿದ್ದರು.

ಮೊದಲ ಸಲ, ಚುಚ್ಚಿದ ಕಡ್ಡಿ ಸ್ವಚ್ಛವಾಗಿ ಬರುವವರೆಗೆ ಕಾದೆ. ಕೇಕಿಗೆ ಅದು ಸರಿಯಾದ ಪರೀಕ್ಷೆ. ಬಾಣಲೆಯ ಬ್ರೌನಿಗೆ ಅಲ್ಲ. ಇಳಿಸಿದ ಮೇಲೆ ಕಬ್ಬಿಣ ತನ್ನ ಕೆಲಸವನ್ನು ಮುಂದುವರಿಸಿತು. ಅರ್ಧ ಗಂಟೆಯಲ್ಲಿ ಅದು ಇಟ್ಟಿಗೆಯಾಯಿತು. ಅಜ್ಜಿ ಒಂದು ಚೂರನ್ನು ಕೈಯಲ್ಲಿ ಹಿಡಿದು ನೋಡಿ, ಏನೂ ಹೇಳದೆ ಇಟ್ಟುಬಿಟ್ಟರು. ಎರಡನೆಯ ಸಲ, ಅಂಚು ಗಟ್ಟಿಯಾಗಿ ನಡು ಇನ್ನೂ ಕೊಂಚ ಅಲುಗುತ್ತಿರುವಾಗ, ಕಡ್ಡಿಗೆ ಒದ್ದೆಯ ಪುಡಿ ಮೆತ್ತಿಕೊಂಡು ಬಂದಾಗ ಇಳಿಸಿದೆ. ಹಸಿ ಹಿಟ್ಟು ನೂಲಿನಂತೆ ಅಂಟಿ ಬಂದರೆ ಇನ್ನೂ ಬೇಯಬೇಕು. ಮೆತುವಿಗೂ ಹಸಿಗೂ ವ್ಯತ್ಯಾಸವಿದೆ. ನನ್ನ ಒಲೆಯ ಮೇಲೆ ಇಪ್ಪತ್ತೈದು ನಿಮಿಷ ಹಿಡಿಯಿತು. ನಿಮ್ಮ ಒಲೆಯ ಲೆಕ್ಕ ಬೇರೆಯಿದ್ದೀತು. ಹೊರತೆಗೆಯುವಾಗ ಇಕ್ಕಳವೂ ದಪ್ಪ ಮಸಿಬಟ್ಟೆಯೂ ಕೈಯಲ್ಲಿರಲಿ. ಬಾಣಲೆ ನೋಡಲು ತಣ್ಣಗಿರುವಂತೆ ಕಂಡರೂ ನಂಬಬೇಡಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಕೆಫೆಯಲ್ಲಿ ಈ ತಿಂಡಿಯ ಸೊಗಸೆಲ್ಲ ಒಂದೇ ಬಾಣಲೆಗೆ ನಾಲ್ಕು ಚಮಚ ಹಾಕಿ ತಿನ್ನುವುದರಲ್ಲಿದೆಯೆನ್ನುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೆ ಎಂಜಲು ಎಂದು ಹೆಸರು. ನಮ್ಮ ಗುಂಪಿನಲ್ಲಿ ಇಬ್ಬರು ಮೊಟ್ಟೆ ತಿನ್ನುವುದಿಲ್ಲ. “ಹಾಗಾದರೆ ಎಲ್ಲರಿಗೂ ಮೊಟ್ಟೆಯಿಲ್ಲದ್ದನ್ನೇ ಮಾಡೋಣ” ಎಂದೆ. ಆಗ ಇನ್ನೊಬ್ಬ ಮಿತ್ರ ಕೇಳಿದ: “ಯಾವಾಗಲೂ ತಿನ್ನದವರಿಗೋಸ್ಕರ ತಿನ್ನೋರೇ ಯಾಕೆ ಬಿಟ್ಟುಕೊಡಬೇಕು? ನಾವು ಮನೇಲಿ ತಿನ್ನೋದನ್ನ ಇಲ್ಲಿ ಮುಚ್ಚಿಡಬೇಕಾ?” ಆ ಪ್ರಶ್ನೆಯಲ್ಲಿ ಬ್ರೌನಿಗಿಂತ ಹಳೆಯದಾದ ನೋವಿತ್ತು. ಸೌಜನ್ಯವೆಂದು ನಾನು ಭಾವಿಸಿದ್ದು ಅವನಿಗೆ ಹಾಗೆ ಕಂಡಿರಲಿಲ್ಲ. ಕೊನೆಗೆ ಹೀಗೆ ಮಾಡಿದೆವು: ಬಾಣಲೆಯಲ್ಲಿ ಮೊಟ್ಟೆಯದು, ಪಕ್ಕದಲ್ಲಿ ಸ್ಟೀಲಿನ ಬಟ್ಟಲೊಂದರಲ್ಲಿ, ಮೊಟ್ಟೆಯ ಬದಲು ಗಟ್ಟಿ ಮೊಸರೂ ಒಂದು ಚಿಟಿಕೆ ಸೋಡವೂ ಹಾಕಿದ್ದು. ಮೊಸರಿನದಕ್ಕೆ ಮೇಲಿನ ಹೊಳಪು ಬರಲಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಬೇಕು, ತಿಂದವರೂ ಒಪ್ಪಿದರು. ಎರಡನ್ನೂ ಬಾಳೆಯೆಲೆಯ ತುಂಡುಗಳಿಗೆ ಬಡಿಸಿದೆವು. ಯಾವುದನ್ನೂ ಯಾರೂ ಮುಚ್ಚಿಡಲಿಲ್ಲ. ಕೆಫೆಯ ಕತ್ತಲೆಯಲ್ಲಿ ಒಂದು ವರ್ಷ ಕೂತರೂ ನಾವು ಆಡದ ಮಾತು ಆ ದಿನ ಅಡುಗೆಮನೆಯಲ್ಲಿ ಆಡಿದೆವೆಂಬುದನ್ನು ಮಾತ್ರ ಹೇಳಬಲ್ಲೆ.

ಆಕ್ಷೇಪಣೆಗಳನ್ನು ನಾನು ಬಲ್ಲೆ. ಆರೋಗ್ಯಕ್ಕೆ ಕೇಡೆನ್ನುವುದು ಮೊದಲನೆಯದು. ನಿಜ, ಮೇಲಿನ ಲೆಕ್ಕದಲ್ಲಿ ಸಕ್ಕರೆ ಮೈದಾದ ಎರಡೂವರೆ ಪಟ್ಟು. ಅದಕ್ಕೆಂದೇ ಇದು ಹುಟ್ಟುಹಬ್ಬಕ್ಕೆ, ಎಂಟು ಹತ್ತು ಜನಕ್ಕೆ ಒಂದು ಬಾಣಲೆ. ಕೈಯಿಂದ ಸುರಿದ ಸಕ್ಕರೆಯನ್ನು ಕಣ್ಣಾರೆ ಕಂಡವನು ಎರಡನೆಯ ತುಂಡಿಗೆ ಕೈ ಹಾಕುವ ಮುನ್ನ ಯೋಚಿಸುತ್ತಾನೆ. ಚಾಕೊಲೇಟು ಅಗ್ಗವಲ್ಲವೆನ್ನುವುದು ಎರಡನೆಯದು. ಇದೂ ನಿಜ. ಕೋಟ್ ದಿವಾರ್ ಮತ್ತು ಘಾನಾ ದೇಶಗಳಲ್ಲಿ ಹವೆಯೂ ಗಿಡದ ರೋಗವೂ ಬೆಳೆಯನ್ನು ಕೆಡಿಸಿ, 2024ರಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರನ್ನೂ ಮೀರಿಹೋಗಿತ್ತು. ಆದರೂ ಇಡೀ ಬಾಣಲೆಗೆ ನನಗೆ ತಗುಲಿದ್ದು ಕೆಫೆಯ ಎರಡು ತಟ್ಟೆಯ ಹಣಕ್ಕಿಂತ ಕಡಿಮೆ. ಅದಕ್ಕೂ ಚಂದಾ ಎತ್ತಲಿಲ್ಲ. ಒಬ್ಬ ಬೆಣ್ಣೆ ತಂದ, ಒಬ್ಬಳು ಸಕ್ಕರೆ ತಂದಳು. ತರಲಾಗದವನು ಪಾತ್ರೆ ತೊಳೆದ. ಮೂರನೆಯದು, ಗಂಡುಹುಡುಗರಿಗೆ ಅಡುಗೆಯೇಕೆಂಬುದು. ಮದುವೆ ಮನೆಯಲ್ಲಿ ಅಡುಗೆಭಟ್ಟರ ಕೈಯೂಟವನ್ನು ಹೊಗಳುವವರ ಬಾಯಲ್ಲಿ ಈ ಪ್ರಶ್ನೆ ಶೋಭಿಸುವುದಿಲ್ಲ.

ಕೆಫೆಗೆ ಯಾರೂ ಹೋಗಲೇಬಾರದೆಂದು ನಾನು ಹೇಳುವುದಿಲ್ಲ. ಅಲ್ಲಿ ತಟ್ಟೆ ಹಿಡಿದು ಓಡಾಡುವವರಲ್ಲಿ ನಮ್ಮ ಕಾಲೇಜಿನವರೇ ಇದ್ದಾರೆ. ಅವರ ದುಡಿಮೆಗೆ ನನ್ನ ಗೌರವವಿದೆ. ಹೋಗುವವರು ತಮ್ಮ ಇಷ್ಟದಿಂದ, ತಮ್ಮ ಹಣದಿಂದ ಹೋಗಲಿ. ತರಗತಿಯ ಹೆಸರಿನಲ್ಲಿ, ಪಟ್ಟಿ ಹಿಡಿದು, ಎಲ್ಲರ ಮುಂದೆ ಕೇಳಿ ಎತ್ತುವ ಚಂದಾ ಬೇಡ. ಮುಂದಿನ ವರ್ಷದ ತರಗತಿ ಪ್ರತಿನಿಧಿಗಳು ಇದನ್ನು ಯೋಚಿಸಬೇಕೆಂದೂ, ಅಧ್ಯಾಪಕರು ಕಿವಿಗೆ ಬಿದ್ದಾಗ ಒಂದು ಮಾತು ಹೇಳಬೇಕೆಂದೂ ಕೋರುತ್ತೇನೆ.

ಬಸ್ ನಿಲ್ದಾಣದ ನನ್ನ ಮಿತ್ರ ಆ ದಿನ ಬಂದಿದ್ದ. ಮರಳನ್ನು ಜರಡಿ ಹಿಡಿದು ತಂದವನೇ ಅವನು. ಬಡಿಸಿದ್ದೆಲ್ಲ ಮುಗಿದು ಬಾಣಲೆಯ ಅಂಚಿನಲ್ಲಿ ಕರಿಯ ಚೂರುಗಳು ಉಳಿದಿದ್ದಾಗ, ಯಾರು ಮೊದಲು ಚಮಚ ಹಾಕಿದರೋ ಕಾಣೆ, ನಾಲ್ಕೈದು ಚಮಚಗಳು ಅದರಲ್ಲಿ ಆಡಿದವು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. “ಅದನ್ನ ತೊಳೆದು ಒಣಗಿಸಿ ಎಣ್ಣೆ ಸವರಿಡಿ. ಇಲ್ದಿದ್ರೆ ಮತ್ತೆ ತುಕ್ಕು ಹಿಡಿಯುತ್ತೆ” ಎಂದಷ್ಟೇ ಹೇಳಿ ಒಳಗೆ ಹೋದರು.