ಕೆರೆಯ ಗಾಳಿಗೂ ಬೆಲೆ ಕಟ್ಟಿದರು!

ಕೆರೆದಂಡೆಯಲ್ಲಿ ಮನೆ, ನಡೆದುಹೋಗುವಷ್ಟು ದೂರದಲ್ಲೇ ಅಂಗಡಿ, ಶಾಲೆ, ಕೆಲಸ. ಇದೇ ಪರಮಸುಖವೆಂದು ಮಹಡಿಮನೆ ಮಾರುವವರು ಸಾರುತ್ತಿದ್ದಾರೆ. ಸುಖವೇ ಹೌದು, ಯಾರು ಅಲ್ಲವೆಂದರು? ಆದರೆ ಇದನ್ನು ಕಂಡುಹಿಡಿದವರು ಇವರೇನು? ಬೆಂಗಳೂರು ಪೇಟೆಯ ಮಗ್ಗುಲಲ್ಲೇ ಧರ್ಮಾಂಬುಧಿ ಕೆರೆಯಿತ್ತು. ನೇಕಾರನು ಮಗ್ಗದಿಂದೆದ್ದು, ವ್ಯಾಪಾರಿಯು ಗಲ್ಲೆಯಿಂದೆದ್ದು ನಡೆದೇ ಅದರ ಏರಿಗೆ ಹೋಗಬಹುದಿತ್ತು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಗೆ ಬಂತು; ಕ್ರಮೇಣ ಈ ಕೆರೆಯನ್ನು ಕೇಳುವವರಿಲ್ಲದಾಯಿತು. ಈಗ ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಬಡವನ ಬಾಗಿಲಿನ ನೀರನ್ನು ಅಳಿಸಿ, ಊರಾಚೆಯ ನೀರಿನ ನೋಟವನ್ನು ಲಕ್ಷಗಟ್ಟಲೆಗೆ ಮಾರುವುದಕ್ಕೆ ಪ್ರಗತಿಯೆಂದು ಹೆಸರು!

ನಾಗರಬಾವಿಯ ಬಂಧುಗಳು ಎಚ್ಚರಗೊಳ್ಳಲಿ. ಬಾವಿಯನ್ನು ಹೆಸರಿನಲ್ಲೇ ಹೊತ್ತ ಆ ಬಡಾವಣೆಯ ಪಕ್ಕದಲ್ಲಿ ಇನ್ನೂ ಮಲ್ಲತ್ತಹಳ್ಳಿ ಕೆರೆ ಉಳಿದಿದೆ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರಿನೊಳಗೆ ಕಟ್ಟಡ ಕೂಡದೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. ಕಟ್ಟಡ ಕಂಪನಿಗಳು ಮೇಲಿನ ಕೋರ್ಟಿಗೆ ಓಡಿದವು. 2019ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. ನಗರ ಯೋಜನೆಯ 30 ಮೀಟರೇ ಮತ್ತೆ ಬಂತು.

ಹೋದದ್ದು 45 ಮೀಟರು, ಅದೇನು ಮಹಾ ಎನ್ನುವವರುಂಟು. ಮಹಡಿಯ ಮೇಲಿಂದ ನೋಡುವವರಿಗೆ ಏನೂ ಇಲ್ಲ. ಸೊಪ್ಪಿನ ಮುದುಕಿ ಬುಟ್ಟಿ ಇಳಿಸುವ ಜಾಗ ಅದು. ರಾತ್ರಿಪಾಳಿ ಮುಗಿಸಿದವನು ಕಾಲು ಚಾಚುವ ಜಾಗ ಅದು. ಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲವೆಂದು ಕೋರ್ಟು ಹೇಳಿತು. ಒಪ್ಪೋಣ. ಅಧಿಕಾರವಿರುವ ಸರ್ಕಾರ ತಿದ್ದಬಹುದಲ್ಲ, ಅದಕ್ಕೆ ಯಾರು ಅಡ್ಡಿ? ಓಟಿಗೆಂದು ಕೈಮುಗಿದು ಬರುವವರನ್ನು ಕೆರೆಯ ಏರಿಯ ಮೇಲೇ ನಿಲ್ಲಿಸಿ ಇದನ್ನು ಕೇಳಿರಿ.