ಇಶಾಡು ಮಾರೂದು ಅಂದ್ರೆ ಬರೀ ತೂಕ ಹಾಕೂದಲ್ಲ

ನಮ್ಮ ಹುಡುಗರಿಗೆ ಮಣ್ಣು ಬೇಡ, ಹಣ್ಣು ಬೇಡ, ಮೊಬೈಲೊಂದಿದ್ರೆ ಸಾಕು ಅಂತ ನಾವೆಲ್ಲ ಹೇಳ್ತಾ ಬಂದಿದ್ದೇವೆ. ಈ ಮಾತು ಪೂರ್ತಿ ಖರೆ ಅಲ್ಲ ಅಂತ ನನ್ನ ಅಭಿಪ್ರಾಯ. ಅವರಿಗೆ ಯಾರೂ ಕೂತು ಹೇಳಿಕೊಟ್ಟಿಲ್ಲ, ಅಷ್ಟೇ.

ಹೋದ ರವಿವಾರ ಕಾರವಾರ ಸಂತೆಯಲ್ಲಿ ಕಂಡದ್ದು ಹೇಳ್ತೆ. ಅಂಕೋಲೆ ಕಡೆಯ ಹಾಲಕ್ಕಿ ಅಜ್ಜಿಯೊಬ್ಬಳು ಕರಿ ಇಶಾಡು ಇಟ್ಕೊಂಡು ಕೂತಿದ್ದಳು. ಕುತ್ತಿಗೆ ತುಂಬ ಮಣಿಸರ, ಮುಂದೆ ಎರಡು ಬುಟ್ಟಿ. ಗೋವಾದ ಕಂಪನಿಯೊಂದರ ಅಂಗಿ ತೊಟ್ಟ ಹುಡುಗ ಬಂದವನೇ ಹಣ್ಣಿಗೆ ಹೆಬ್ಬೆಟ್ಟು ಒತ್ತಿದ. ಬೈಗುಳ ಬಂತು ಅಂದ್ಕೊಂಡೆ ನಾನು. ಅಜ್ಜಿ ಅವನ ಕೈ ಹಿಡಿದು, "ಒತ್ಬೇಡ ತಮಾ, ಅದಕ್ಕೆ ನೋವಾಗ್ತದೆ. ತೊಟ್ಟಿನ ಹತ್ರ ಮೂಸಿ ನೋಡು" ಅಂದಳು. ಅವನ ಮನೆಮಾತು ಕೊಂಕಣಿ, ಕನ್ನಡ ತಡವರಿಸ್ತಿತ್ತು. ಆದ್ರೂ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಯಾರಿಗೆ ಹಣ್ಣು ಅಂತ ಕೇಳಿದ್ಳು. ಮನೇಲಿ ಅಜ್ಜಿಗೆ, ಹಲ್ಲಿಲ್ಲ ಅಂದ. ಈಕೆ ನಕ್ಕು ತನ್ನ ಬಾಯಿ ತೋರಿಸಿದ್ಳು, ಅಲ್ಲೂ ಹಲ್ಲು ಲೆಕ್ಕಕ್ಕಷ್ಟೇ! ಆಮೇಲೆ ಒಂದೊಂದೇ ಹಣ್ಣು ಅವನ ಮೂಗಿಗೆ ಹಿಡಿದು, ಇದು ಇವತ್ತಿಗೆ, ಇದು ಮಂಗಳವಾರಕ್ಕೆ, ಇವೆರಡು ಗುರುವಾರಕ್ಕೆ ಅಂತ ಬೇರೆ ಬೇರೆ ಕಟ್ಟಿಕೊಟ್ಟಳು.

ಅವನ ಹತ್ರ ರೊಕ್ಕ ಇರಲಿಲ್ಲ, ಆಕೆ ಹತ್ರ ಸ್ಕ್ಯಾನರ್ ಇಲ್ಲ. "ಬರೂ ವಾರ ಕೊಡು" ಅಂದುಬಿಟ್ಳು, ಹೆಸರೂ ಕೇಳಲಿಲ್ಲ. ಹುಡುಗ ಪಕ್ಕದ ಸೊಪ್ಪಿನವಳಿಗೆ ಫೋನ್‌ಪೇ ಮಾಡಿ ನೋಟು ತಂದ. ಕೊಟ್ಟು ಹೋಗಲಿಲ್ಲ. ಬಿಸಿಲು ಬುಟ್ಟಿಗೆ ಬಂದಿತ್ತು, ಎರಡನ್ನೂ ಎತ್ತಿ ನೆರಳಿಗಿಟ್ಟ, ಆಮೇಲೆ ಅಜ್ಜಿಯ ಮಣೆಯನ್ನೂ.

ಈಗ ನಮ್ಮ ವಿಷಯಕ್ಕೆ ಬರುವಾ. ಅಂಕೋಲೆ ಕರಿ ಇಶಾಡಿಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ತು. ಒಳ್ಳೇದೇ. ಆದ್ರೆ ಹಣ್ಣಿನ ಸಿಪ್ಪೆ ತೆಳು, ಹೆಚ್ಚು ದಿನ ತಡೆಯೂದಿಲ್ಲ, ದೂರದ ಪೇಟೆಗೆ ಹೊರಟರೆ ದಾರಿಯಲ್ಲೇ ಕೆಡ್ತದೆ. ಅಂಥ ಹಣ್ಣಿಗೆ ಹತ್ತಿರದ ಗಿರಾಕಿಯೇ ಗತಿ. ಆ ಗಿರಾಕಿ ಇನ್ನು ಮುಂದೆ ಇಂಥ ಹುಡುಗರೇ. ನಾವು ಮರದ ಮೇಲೇ ವ್ಯಾಪಾರಿಗೆ ಗುತ್ತಿಗೆ ಕೊಟ್ಟು ಕೈ ತೊಳ್ಕೊಂಡರೆ, ಯಾವುದನ್ನು ಯಾವತ್ತು ತಿನ್ನಬೇಕು ಅಂತ ಅವರಿಗೆ ಹೇಳೂದು ಯಾರು? ಕಾರ್ಬೈಡ್ ಹಾಕೂದು ನಿಷೇಧ ಅಂತ ಎಲ್ಲರಿಗೂ ಗೊತ್ತು. ಆದ್ರೆ ಮೂಗು ಕಲೀದೇ ಇದ್ದವನಿಗೆ ಎರಡೂ ಹಣ್ಣು ಒಂದೇ.

ಗುತ್ತಿಗೆ ಪೂರ್ತಿ ಬಿಡಿ ಅಂತ ಹೇಳೂದಿಲ್ಲ, ಸಾಲ ಇದ್ದವರ ಕಷ್ಟ ನನಗೂ ಗೊತ್ತು. ಒಂದು ಮರ ಉಳಿಸ್ಕೊಳ್ಳಿ. ಮನೆಯ ಹಿರಿಯರು ಸಂತೆಗೆ ಹೋಗ್ತೆ ಅಂದ್ರೆ ತಡೀಬೇಡಿ, ಶಾಲೆಗೆ ರಜೆ ಇದ್ದ ಮಕ್ಕಳನ್ನು ಜೊತೆಗೆ ಕಳಿಸಿ. ಕ್ಯೂಆರ್ ಚೀಟಿ ಆ ಮಕ್ಕಳೇ ಹಿಡಿದು ಕೂರ್ಲಿ. ಮತ್ತೆ ಒಂದು ಛತ್ರಿ, ದೊಡ್ಡದು.

ಬರುವ ರವಿವಾರ ಬೆಳಿಗ್ಗೆ ಆರಕ್ಕೆ ನನ್ನ ಗಾಡಿ ಚಿತ್ತಾಕುಲದಿಂದ ಹೊರಡ್ತದೆ. ಕಾಳಿ ಸೇತುವೆ ಮೇಲೆ ಈಗ ವಾಹನ ಜಾಸ್ತಿ, ತಡ ಮಾಡೂಕೆ ಆಗೂದಿಲ್ಲ. ನಾಲ್ಕು ಬುಟ್ಟಿಗೆ, ಇಬ್ಬರು ಅಜ್ಜಿಯಂದಿರಿಗೆ ಜಾಗ ಇದೆ. ಬಾಡಿಗೆ ಬೇಡ.